ಎರಡು ಚೆಂಬು ಕಾರ್ನೇಶನ್

2018ರ ಜೂನ್ 12, ಮಂಗಳವಾರ. ನನ್ನ ಕ್ಷೇತ್ರ ದಿನಚರಿಯಲ್ಲಿ ಈ ದಿನಾಂಕದ ಕೆಳಗೆ ‘ಬೂದಿಕೋಟೆ, ಮನೆ ಭೇಟಿ, ಕಾರ್ನೇಶನ್, ಕಾರಣ ಪತ್ತೆ’ ಎಂದು ಬರೆದಿದೆ. ಪ್ರಯಾಣ ಭತ್ಯೆಯ ಬಿಲ್ಲಿನ ಪ್ರತಿಯಲ್ಲಿಯೂ ಅದೇ ದಿನಾಂಕವಿರುವುದರಿಂದ ದಿನದ ಬಗ್ಗೆ ಅನುಮಾನವಿಲ್ಲ. ಆಗ ನಾನು ಕೊಯ್ದ ಹೂವುಗಳ ಬಾಳಿಕೆಯನ್ನು ಅಧ್ಯಯನ ಮಾಡುವ ಸಂಶೋಧಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಗಿಡದಿಂದ ಬೇರ್ಪಟ್ಟ ಹೂವು ನೀರಿನಲ್ಲಿ ಎಷ್ಟು ದಿನ ನಿಲ್ಲುತ್ತದೆಯೋ ಅದನ್ನು ನಮ್ಮ ಶಾಸ್ತ್ರದಲ್ಲಿ ‘ವೇಸ್ ಲೈಫ್’ ಎನ್ನುತ್ತಾರೆ.

ಪ್ರಕರಣ ಆರಂಭವಾದದ್ದು ಎರಡು ವಾರ ಮೊದಲು. ಬಂಗಾರಪೇಟೆ ಸಮೀಪದ, ಪ್ಲಾಸ್ಟಿಕ್ ಹೊದಿಸಿದ ಒಂದು ಪಾಲಿಹೌಸಿನಲ್ಲಿ ಹೂ ಕೊಯ್ಯುವವರಿಗೆ ತರಬೇತಿ ಮುಗಿಸಿ ಕೈತೊಳೆಯುತ್ತಿದ್ದಾಗ ಮಂಜುಳಾ ಎಂಬ ಕೆಲಸದಾಕೆ ಹತ್ತಿರ ಬಂದು ಕೇಳಿದಳು: “ಸಾರ್, ಮನುಷ್ಯರ ಕೈಯಾಗೆ ಊವ ಸಾಯ್ಸೋ ಅಂತದ್ದು ಏನಾದ್ರೂ ಇರ್ತದಾ? ಉಪ್ಪೋ, ಕಾವೋ?”

ನಗುವ ಪ್ರಶ್ನೆಯಾಗಿರಲಿಲ್ಲ. ಆಕೆ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿದವಳು, ಗಣಿ ಕಾರ್ಮಿಕರೊಬ್ಬರ ಮಗಳು. ಬೂದಿಕೋಟೆಗೆ ಸೊಸೆಯಾಗಿ ಬಂದಿದ್ದಳು. ಕಾಂಡ ಗಿಡ್ಡವಾಗಿ ಮಾರಾಟಕ್ಕೆ ಬಾರದ ಕಾರ್ನೇಶನ್‌ಗಳನ್ನು ಮನೆಗೆ ಒಯ್ದು, ಚೆಂಬಿನಲ್ಲಿಟ್ಟು ದೇವರ ಗೂಡಿನ ಮುಂದೆ ಇಡುತ್ತಿದ್ದಳು. ಅವು ಎರಡೇ ದಿನಕ್ಕೆ ಮುದುಡುತ್ತಿದ್ದವು. ಇವಳ ಕೈಗುಣ ಸರಿಯಿಲ್ಲವೆಂದು ಅತ್ತೆ ವೆಂಕಟಮ್ಮ ತೀರ್ಮಾನಿಸಿದ್ದರು. ಜೂನ್ ಕೊನೆಗೆ ಮೈದುನನ ಮದುವೆ. ಅರಿಶಿನ ಕುಟ್ಟುವ ಶಾಸ್ತ್ರದಲ್ಲಿ ಮಂಜುಳಾ ಒನಕೆ ಮುಟ್ಟಬಾರದೆಂದೂ ಆಗಲೇ ಹೇಳಿಯಾಗಿತ್ತು. ಮನೆಯ ಹಿರಿಯ ಸೊಸೆ ತನ್ನ ಮನೆಯ ಮದುವೆಯಲ್ಲಿಯೇ ಮೂಲೆಯಲ್ಲಿ ನಿಲ್ಲಬೇಕಿತ್ತು.

ಯಾರಿಗಾದರೂ ಹೇಳುವುದನ್ನೇ ನಾನು ಅವಳಿಗೂ ಹೇಳಿದೆ. ಚೆಂಬನ್ನು ಸೋಪಿನಿಂದ ಉಜ್ಜಬೇಕು, ಕಾಂಡದ ತುದಿಯನ್ನು ಓರೆಯಾಗಿ ಅರ್ಧ ಅಂಗುಲ ಕತ್ತರಿಸಬೇಕು, ನೀರಿನೊಳಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಬೇಕು. ಹೂವಿಗೆ ಆಹಾರವಾಗಿ ಒಂದು ಚಮಚ ಸಕ್ಕರೆ, ಕಾಂಡ ನೀರನ್ನು ಸರಾಗವಾಗಿ ಎಳೆದುಕೊಳ್ಳಲೆಂದು ಕೆಲವು ಹನಿ ನಿಂಬೆರಸ. ಇಷ್ಟಾದ ಮೇಲೂ ನೀರನ್ನು ದಿನವೂ ಬದಲಿಸಬೇಕು. ಒಂದು ವಾರದ ನಂತರ ಆಕೆ ಫೋನ್ ಮಾಡಿ, ಎಲ್ಲವನ್ನೂ ಮಾಡಿದರೂ ಎರಡೇ ದಿನ ಎಂದಳು. ನಮ್ಮ ಕಡೆಯ ಕೊಳವೆಬಾವಿಯ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ಶಂಕಿಸಿ, ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಲು ಸೂಚಿಸಿದೆ. ಫಲಿತಾಂಶ ಬದಲಾಗಲಿಲ್ಲ. ಆದರೆ ತವರಿನಲ್ಲಿ ಇದೇ ಕೈ ಇಟ್ಟ ಇದೇ ಹೂವು ಎಂಟು ದಿನ ನಿಂತಿತ್ತೆಂಬ ಸಂಗತಿ ಮಾತಿನ ನಡುವೆ ಹೊರಬಂತು. ಕೈ ಒಂದೇ, ಮನೆ ಬೇರೆ. ಮನೆಯನ್ನು ನೋಡದೆ ವಿಧಿಯಿರಲಿಲ್ಲ.

ಬಂಗಾರಪೇಟೆಯಲ್ಲಿ ಬಸ್ಸು ಹಿಡಿದು ಹೋದೆ. ಹಜಾರದಲ್ಲಿ ಕುರ್ಚಿಯಿದ್ದರೂ ಮಂಜುಳಾ ನನ್ನನ್ನು ಒಳಕೋಣೆಯ ಮಂಚದ ಮೇಲೆ ಕೂರಿಸಿದಳು, ಅಲ್ಲಿ ತಂಪಂತೆ. ವೆಂಕಟಮ್ಮ ಬಾಗಿಲಿಗೆ ಒರಗಿ ನನ್ನನ್ನು ಅಳೆದರು. “ಒಂದು ಊವ ಬದುಕ್ಸಕ್ಕೆ ಬಸ್ಸತ್ಕಂಡ್ ಬಂದವ್ರೆ. ನಮ್ಮ ಎಮ್ಮೆಗೆ ಉಷಾರಿಲ್ದಾಗ ಒಬ್ರೂ ಬರ್ಲಿಲ್ಲ.”

ಮಂಚದ ಕೆಳಗಿನಿಂದ ಸಿಹಿ ವಾಸನೆ ಬರುತ್ತಿತ್ತು. ಬಗ್ಗಿ ನೋಡಿದೆ: ಒಣಹುಲ್ಲಿನ ಮೇಲೆ ಹರಡಿ, ಗೋಣಿಚೀಲ ಮುಚ್ಚಿ ಹಣ್ಣಿಗೆ ಹಾಕಿದ್ದ ಬೇನಿಷಾ ಮಾವು. ದೇವರ ಗೂಡು ಅಲ್ಲಿಂದ ನಾಲ್ಕು ಅಡಿ. ಕಿಟಕಿ ಮುಚ್ಚಿತ್ತು.

ಮಾಗುವ ಹಣ್ಣು ‘ಎಥಿಲೀನ್’ ಎಂಬ ಅನಿಲವನ್ನು ಹೊರಬಿಡುತ್ತದೆ. ಪಕ್ಕದ ಕಾಯಿಗೆ ಅದು ಮಾಗುವ ಸೂಚನೆ. ಕಾರ್ನೇಶನ್‌ಗೆ ಮುಪ್ಪಿನ ಸೂಚನೆ. ಆ ಹೂವಿನ ಎಸಳುಗಳು ಒಳಕ್ಕೆ ಮಡಚಿಕೊಂಡು ನಿದ್ದೆಹೋದಂತೆ ಕಾಣುತ್ತವೆ. ವಿವರಿಸಿದಾಗ ವೆಂಕಟಮ್ಮ ಕೇಳಿದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿರಲಿಲ್ಲ. “ನಾನು ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ಅಣ್ಣಿಗಾಕ್ತಿರೋದು. ಗೂಡಿಗೆ ದಿನಾ ಚೆಂಡೂವು ಇಡ್ತೀನಿ. ಅದ್ಯಾಕೆ ಮುದುಡಲ್ಲ?”

ಎಲ್ಲ ಹೂವುಗಳಿಗೂ ಈ ಅನಿಲ ಒಂದೇ ಬಗೆಯಲ್ಲಿ ತಾಗುವುದಿಲ್ಲ, ದಿನವೂ ಬದಲಾಗುವ ಹೂವಿನಲ್ಲಿ ಅದು ಕಾಣುವುದೂ ಇಲ್ಲ ಎಂದೆ. ಅವರು ನಂಬಲಿಲ್ಲ. ಆಗ ಒಂದು ಪರೀಕ್ಷೆ ಸೂಚಿಸಿದೆ. ಅತ್ತೆ ತಮ್ಮ ಕೈಯಾರೆ ಒಂದು ಚೆಂಬು ಕಾರ್ನೇಶನ್ ಜೋಡಿಸಿ ಗೂಡಿನ ಮುಂದೆ ಇಡಬೇಕು. ಸೊಸೆ ಇನ್ನೊಂದನ್ನು ಜಗಲಿಯ ನೆರಳಿನಲ್ಲಿ ಇಡಬೇಕು.

ಜೂನ್ 14ರ ಸಂಜೆ ಮಂಜುಳಾಳ ಫೋನ್ ಬಂತು. ಒಳಗಿನ ಚೆಂಬು ಮುದುಡಿತ್ತು, ಜಗಲಿಯದು ಅರಳಿಯೇ ಇತ್ತು. ಅತ್ತೆ ಎರಡನ್ನೂ ನೋಡಿ ಹಾಲು ಕರೆಯಲು ಹೋದರಂತೆ. ಬಿಂದಿಗೆ ಇಳಿಸುವಾಗ ಹೇಳಿದರಂತೆ: “ಲೇ ಮಂಜಿ, ಅರಿಶ್ಣ ಕುಟ್ಟೋ ದಿನ ಕೆಲ್ಸಕ್ಕೆ ರಜ ಏಳ್ಬಿಡು.”

ಮುಂದೆ ಹಲವು ಉಪನ್ಯಾಸಗಳಲ್ಲಿ, ಹೂವನ್ನು ಹಣ್ಣಿನ ಬುಟ್ಟಿಯಿಂದ ದೂರವಿಡಿ ಎಂದು ಹೇಳುವಾಗಲೆಲ್ಲ ನಾನು ಮಂಚದ ಕೆಳಗೆ ಬಗ್ಗಿದ ಪ್ರಸಂಗವನ್ನು ವರ್ಣಿಸಿದ್ದೇನೆ.

ಈ ಲೇಖನ ಬರೆಯುವಾಗ ಒಂದು ವಿವರ ನನ್ನ ದಿನಚರಿಯಲ್ಲಿ ಸಿಗಲಿಲ್ಲ: ಜಗಲಿಯ ಚೆಂಬು ಒಟ್ಟು ಎಷ್ಟು ದಿನ ನಿಂತಿತು? ಮಂಜುಳಾಳನ್ನು ಕೇಳಿದೆ. ಅವರ ಮನೆಯಲ್ಲಿ ಹೊಸ ಕ್ಯಾಲೆಂಡರನ್ನು ಹಳೆಯದರ ಮೇಲೆಯೇ ಅದೇ ಮೊಳೆಗೆ ತೂಗುಹಾಕುವ ರೂಢಿ. ಆಕೆ 2018ರ ಹಾಳೆಯನ್ನು ಹುಡುಕಿ ಚಿತ್ರ ಕಳಿಸಿದಳು. ಹಾಲಿನ ಲೀಟರುಗಳ ಪಕ್ಕದಲ್ಲಿ ಸಣ್ಣ ಅಕ್ಷರಗಳಿದ್ದವು. ನನ್ನ ಪ್ರಶ್ನೆಗೆ ಉತ್ತರ ಒಂಬತ್ತು ದಿನ. ಆದರೆ ಜೂನ್ 9ರ ಚೌಕದಲ್ಲಿ, ‘ಒಂದು ಚೆಂಬು ಒಳಗೆ, ಒಂದು ಜಗಲಿ’ ಎಂದಿತ್ತು. ಜೂನ್ 11ರಲ್ಲಿ, ‘ಒಳಗಿಂದು ಹೋಯ್ತು. ಮಾವಿನಹಣ್ಣೇ’.

ನಾನು ಹೋದದ್ದು ಮರುದಿನ. ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನ್ ಏಳಿದ್ರೆ ನೆಪ ಅಂತಿದ್ರು ಸಾರ್. ನೀವ್ ಏಳಿದ್ರೆ ಸೈನ್ಸು.”

ಪ್ರಶ್ನೆ ತರುವವರ ಬಳಿ ಉತ್ತರವೂ ಇರಬಹುದು, ಮೊದಲು ಅದನ್ನು ಕೇಳಿಕೊಳ್ಳಬೇಕು ಎಂಬುದನ್ನು ವೃತ್ತಿ ನನಗೆ ನಿವೃತ್ತಿಯ ನಂತರ ಕಲಿಸಿತು. ನನ್ನ ದಿನಚರಿ ಜೂನ್ 12ರಂದು ‘ಕಾರಣ ಪತ್ತೆ’ ಎನ್ನುತ್ತದೆ. ಕ್ಯಾಲೆಂಡರು ಅದಕ್ಕಿಂತ ಒಂದು ದಿನ ಹಿಂದಿನದು. ದಾಖಲೆಗಳು ಭಿನ್ನವಾದಾಗ ಮೊದಲು ಬರೆದದ್ದನ್ನೇ ಒಪ್ಪುತ್ತೇನೆ.