ಅಂಗಾತ ಮಲಗಿದ ವಾಯಿತಿ

ಪೆಸಿಫಿಕ್ ಕಡಲಿನ ನಮ್ಮ ಮಂಗಾಯಿಯಾ ದ್ವೀಪದಲ್ಲಿ ಗೋಡೆಗೆ ಫೋಟೋ ತೂಗುಹಾಕಿದ ಮೊದಲ ಮನೆ ಪಾದ್ರಿಗಳದ್ದು, ಎರಡನೆಯದು ನನ್ನ ಸೋದರತ್ತೆ ನೂರೋವಾಳದ್ದು. ಅತ್ತೆಗೆ ಅದರ ಜಂಬ ಕಡಿಮೆಯೇನಿರಲಿಲ್ಲ. ಅವಳ ಹತ್ತಿರ ಇದ್ದದ್ದು ಎರಡೇ ಫೋಟೋ. ಎರಡರಲ್ಲೂ ಅವಳ ಒಬ್ಬಳೇ ಮಗಳು ವಾಯಿತಿ ಇದ್ದಳು.

ಮೊದಲನೆಯದನ್ನು ತೆಗೆದವರು ಪಾದ್ರಿ ಹ್ಯಾಲಮ್, ತಮ್ಮ ಮನೆಯ ಜಗಲಿಯಲ್ಲಿ. ಮೂರು ಕಾಲಿನ ಪೆಟ್ಟಿಗೆಯ ಹಿಂದೆ ಕರಿ ಬಟ್ಟೆ ಹೊದ್ದು ನಿಂತು, ಯಾರೂ ಅಲ್ಲಾಡಬಾರದು ಎಂದು ಗದರಿದ್ದರು. ಕುರ್ಚಿಯಲ್ಲಿ ಪಾದ್ರಿಯಮ್ಮ, ಅವಳ ಮಡಿಲಲ್ಲಿ ಐದು ವರ್ಷದ ವಾಯಿತಿ, ಹಿಂದೆ ಒಗೆದ ಬಿಳಿ ಅಂಗಿಯಲ್ಲಿ ನಮ್ಮತ್ತೆ. ಎಲ್ಲರೂ ಕಂಬದ ಹಾಗೆ ಬಿಗಿದುಕೊಂಡಿದ್ದಾರೆ. ವಾಯಿತಿಯ ಕಾಲು ಮಾತ್ರ ಮಸುಕು, ಹೊಗೆಯ ಹಾಗೆ. ಸುಮ್ಮನೆ ಕೂರುವುದು ಆ ಹುಡುಗಿಯ ಜಾಯಮಾನದಲ್ಲೇ ಇರಲಿಲ್ಲ. ನಿದ್ದೆಯಲ್ಲೂ ಅಷ್ಟೇ. ಒಂದೇ ಕೇದಗೆ ಚಾಪೆಯ ಮೇಲೆ ಅವಳ ಪಕ್ಕ ಮಲಗುತ್ತಿದ್ದವಳು ನಾನು. ಬೋರಲು ಬಿದ್ದು, ಮುಷ್ಟಿಯನ್ನು ಗಲ್ಲದಡಿ ಇಟ್ಟುಕೊಂಡು, ಬೆಳಗಿನವರೆಗೆ ನನಗೆ ಒದೆಯುತ್ತಿದ್ದಳು.

ಪಾದ್ರಿಯಮ್ಮ ಹೆತ್ತ ಎರಡು ಕೂಸುಗಳು ಇಗರ್ಜಿಯ ಅಂಗಳದಲ್ಲಿ ಮಣ್ಣಾಗಿದ್ದವು. ಅವಳ ಮನೆಗೆಲಸಕ್ಕೆ ಹೋಗುತ್ತಿದ್ದ ಅತ್ತೆಯ ಅಂಗಿಯ ಚುಂಗು ಹಿಡಿದು ವಾಯಿತಿಯೂ ಹೋಗುತ್ತಿದ್ದಳು. ಮಧ್ಯಾಹ್ನದ ಊಟ ಅಲ್ಲೇ, ಬರುಬರುತ್ತಾ ಸ್ನಾನವೂ ಅಲ್ಲೇ. ಒಂದು ದಿನ ಪಾದ್ರಿಯಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡು, ಈ ಮಗುವನ್ನು ನನಗೆ ಕೊಡು ಎಂದಳು. ಅತ್ತೆ ಹೂಂ ಅಂದಳು. ನಮ್ಮಲ್ಲಿ ಮಡಿಲು ಬರಿದಾದವಳು ಕೇಳಿದರೆ ಇಲ್ಲ ಅನ್ನುವುದಿಲ್ಲ. ಕೊಟ್ಟರೆ ಮಗು ದೂರವಾಗುವುದೂ ಇಲ್ಲ. ಒಂದು ಮನೆಯಲ್ಲಿ ಉಂಡು, ಇನ್ನೊಂದು ಮನೆಗೆ ಮುನಿಸಿಕೊಂಡು ಹೋಗಿ ಮಲಗುತ್ತದೆ. ಹೆತ್ತವಳೂ ತಾಯಿ, ತುತ್ತಿಟ್ಟವಳೂ ತಾಯಿ. ಪಾದ್ರಿಗಳ ದೇಶದಲ್ಲಿ ಕೊಡುವುದೆಂದರೆ ಕೊಟ್ಟೇಬಿಡುವುದು ಎಂದು ನಮಗೆ ಯಾರು ಹೇಳಿದ್ದರು?

ಮರುವರ್ಷ ಪಾದ್ರಿಗಳು ಇಂಗ್ಲೆಂಡಿಗೆ ಹೊರಟರು, ವಾಯಿತಿಯನ್ನೂ ಕರೆದುಕೊಂಡು. ಅತ್ತೆ ಅಳಲಿಲ್ಲ. ಮಳೆ ಬಿದ್ದ ಮರುದಿನ ಬಂಡೆಗಳಲ್ಲಿ ಹೆಕ್ಕಿದ ಹಳದಿ ಚಿಪ್ಪುಗಳನ್ನು ಪೋಣಿಸಿ, ಸರ ಮಾಡಿ ಮಗಳ ಕೊರಳಿಗೆ ಹಾಕಿದಳು. "ಆ ಮನೇಲಿ ಬೇಜಾರಾದ್ರೆ ಈ ಮನೆಗೆ ಬಂದ್ಬಿಡು" ಎಂದಳು, ನಡುವೆ ಇರುವುದು ಒಂದು ಬೇಲಿ ಎನ್ನುವ ಹಾಗೆ. ದೋಣಿ ಹವಳದ ದಿಬ್ಬ ದಾಟಿ ಹಡಗಿನತ್ತ ಹೋಯಿತು.

ಎರಡನೆಯ ಫೋಟೋ ಬಂದದ್ದು ಅದಾದ ಎರಡನೇ ವರ್ಷ, ಮಿಷನ್ ಹಡಗಿನಲ್ಲಿ. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಜಾಲರಿ ಕಟ್ಟಿದ ಬಿಳಿ ಅಂಗಿ, ತಲೆಗೆ ಹೂವಿನ ದಂಡೆ, ಕೊರಳಲ್ಲಿ ಅದೇ ಚಿಪ್ಪಿನ ಸರ. ವಾಯಿತಿ ಮಂಚದ ಮೇಲೆ ಅಂಗಾತ ಮಲಗಿ, ಕೈ ಜೋಡಿಸಿಕೊಂಡು ನಿದ್ದೆ ಹೋಗಿದ್ದಳು.

ಊರೇ ನೋಡಲು ಬಂತು. ನಾವೂ ಭಾನುವಾರ ಹೂ ಮುಡಿದು, ಪ್ರಾರ್ಥನೆ ಮುಗಿಸಿ ಬಂದು ನಿದ್ದೆ ಹೊಡೆಯುವವರೇ.

"ಇಂಗ್ಲೆಂಡಲ್ಲೂ ನಮ್ಮ ಹುಡುಗಿಗೆ ನಿದ್ದೇನೇ ಕೆಲಸ" ಎಂದು ನನ್ನಪ್ಪ ನಕ್ಕ.

"ಅಲ್ಲಿನ ಫೋಟೋ ಪೆಟ್ಟಿಗೆ ಎಷ್ಟು ಚೆನ್ನಾಗಿದೆ ನೋಡಣ್ಣ. ರೆಪ್ಪೆಗೂದಲು ಸಮೇತ ಕಾಣುತ್ತೆ, ಎಲ್ಲೂ ಮಸುಕಿಲ್ಲ" ಎಂದಳು ಅತ್ತೆ.

ಆಮೇಲೆ ಆ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡುವಂತಿರಲಿಲ್ಲ. ಗಂಟಲು ಏರಿಸಿದರೆ ಅತ್ತೆ ಗೋಡೆಯತ್ತ ಬೆರಳು ತೋರಿಸಿ, "ಶ್, ಮಗು ಮಲಗಿದೆ" ಅನ್ನುವಳು. ನಾವು ನಗುವೆವು. ಪ್ರತಿ ಹಡಗಿಗೂ ಅವಳು ಕಡಲ ದಂಡೆಗೆ ಹೋಗುವಳು. ಮಗಳಿಗೆ ಕಾಯುತ್ತಾಳೆ ಎಂದುಕೊಂಡೆವು.

ದೊಡ್ಡವಳಾದ ಮೇಲೆ ನಾನು ಆಕ್ಲೆಂಡಿನ ಒಂದು ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದೆ. ಮನೆಯೊಡತಿ ಮುದುಕಿಯ ಕೋಣೆಯಲ್ಲಿ ಅಂಥದೇ ಫೋಟೋ ಇತ್ತು: ಹೂವು, ಬಿಳಿ ಅಂಗಿ, ಮುಚ್ಚಿದ ಕಣ್ಣು. ನನ್ನ ಅತ್ತೆಯ ಮಗಳೂ ಹೀಗೇ ಮಲಗಿದ್ದಾಳೆ ಎಂದೆ. ಮುದುಕಿ ನನ್ನ ಮುಖವನ್ನೇ ನೋಡಿ, "ಮಲಗಿಲ್ಲಮ್ಮ. ಶವದ ಪೆಟ್ಟಿಗೆ ಮುಚ್ಚೋಕೆ ಮುಂಚೆ ತೆಗೆಸಿದ್ದು" ಎಂದಳು. ನೆನೆಸಿದ ಬಟ್ಟೆ ಬಾನಿಯಲ್ಲೇ ಉಳಿಯಿತು. ಆ ದಿನ ನನ್ನಿಂದ ಏನೂ ಆಗಲಿಲ್ಲ.

ಊರಿಗೆ ಬಂದೆ. ಹೇಳಿದರೆ ಅತ್ತೆ ಸಾಯುತ್ತಾಳೆ, ಹೇಳದಿದ್ದರೆ ಸಾಯುವವರೆಗೂ ದಂಡೆಯಲ್ಲಿ ನಿಲ್ಲುತ್ತಾಳೆ. ನನಗೆ ಪಾದ್ರಿಯಮ್ಮನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಫೋಟೋ ಕಳಿಸಲು ಬಂದ ಕೈಗೆ ನಾಲ್ಕು ಮಾತು ಬರೆಯಲು ಏನಾಗಿತ್ತು?

ಅತ್ತೆ ಬಾಗಿಲಲ್ಲಿ ಕೂತು ಚಿಪ್ಪುಗಳಿಗೆ ಸೂಜಿಯಿಂದ ತೂತು ಮಾಡುತ್ತಿದ್ದಳು.

"ಪಟ್ಟಣದ ನೀರು ಕುಡಿದು ಸೊರಗಿದೀಯಲ್ಲೇ. ಕೆಸುವಿನ ಗೆಡ್ಡೆ ಬೇಯಿಸಿದೀನಿ, ತಿನ್ನು."

"ಅತ್ತೆ, ಆ ಫೋಟೋ ವಿಷಯ..."

"ಮೆಲ್ಲಗೆ ಮಾತಾಡೇ."

"ಮೆಲ್ಲಗೇ ಹೇಳ್ತೀನಿ. ಆದ್ರೆ ಕೇಳ್ಬೇಕು ನೀನು."

ಅವಳು ಸೂಜಿ ಕೆಳಗಿಟ್ಟಳು. "ನೀನು ಅವಳ ಪಕ್ಕ ಮಲಗ್ತಿದ್ದವಳು. ಯಾವತ್ತಾದ್ರೂ ಅವಳು ಅಂಗಾತ ಮಲಗಿದ್ದು ನೋಡಿದೀಯಾ?"

ನಾನು ಗೋಡೆಯತ್ತ ತಿರುಗಿ ಫೋಟೋ ನೋಡಿದೆ.

"ಕಾಲು ನೆಟ್ಟಗೆ ಚಾಚ್ಕೊಂಡಿದ್ಳು ಕಣೇ. ಫೋಟೋ ಹಡಗಿಂದ ಬಂದ ದಿನಾನೇ ಗೊತ್ತಾಯ್ತು."

"ಮತ್ತೆ ಇಷ್ಟು ವರ್ಷ ಯಾರಿಗೆ ಕಾಯ್ತಿದ್ದೆ ಅತ್ತೆ?"

"ಅವಳಮ್ಮಂಗೆ. ತುತ್ತಿಟ್ಟವಳು ಬಂದು ಈ ಬಾಗ್ಲಲ್ಲಿ ಕೂತು, ಹೋಗ್ಬಿಟ್ಳು ಅಂತ ಒಂದು ಮಾತು ಹೇಳ್ಬೇಕಲ್ವಾ? ಇಬ್ರೂ ಸೇರಿ ಅಳ್ಬೇಕಲ್ವಾ? ಒಬ್ಬಳೇ ಹೇಗೆ ಅಳ್ಲಿ? ಅವಳು ಬರೋವರೆಗೂ ಮಗು ಮಲಗಿರ್ಲಿ ಅಂತ ಇದ್ದೆ."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನ ಬೆನ್ನು ಸವರುತ್ತಾ, ಗೆಡ್ಡೆ ಆರಿಹೋಗುತ್ತದೆ ಎಂದಳು.

ಪಾದ್ರಿಯಮ್ಮ ಬರಲೇ ಇಲ್ಲ. ಅವಳೂ ಎಲ್ಲೋ ಒಬ್ಬಳೇ ಅತ್ತಿರಬೇಕು. ಹಾಗೆಂದುಕೊಂಡರೂ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಳು. ಕೊನೆಗೆ ನನ್ನನ್ನು ಹತ್ತಿರ ಕರೆದು ಗೋಡೆ ತೋರಿಸಿ, "ಅವಳ್ನ ಸರಿಯಾಗಿ ಮಲಗಿಸೇ" ಎಂದಳು. ಇನ್ನೇನೂ ಹೇಳಲಿಲ್ಲ.

ತೀರಿಕೊಂಡ ಅತ್ತೆಯನ್ನು ಮನೆಯಂಗಳದ ಗುಂಡಿಗೆ ಇಳಿಸುವ ಮೊದಲು ನಾನು ಗೋಡೆಯಿಂದ ಆ ಎರಡನೆಯ ಫೋಟೋ ಬಿಚ್ಚಿ ತಂದೆ. ಮುಖ ಮೇಲೆ ಮಾಡಿಡು, ನಾಲ್ಕು ಜನ ನೋಡಲಿ ಎಂದರು ಯಾರೋ. ನಾನು ಕೇಳಲಿಲ್ಲ. ಅತ್ತೆಯ ಎದೆಯ ಮೇಲೆ ಅದನ್ನು ಬೋರಲು ಹಾಕಿ, ಅವಳ ಎರಡೂ ಕೈಗಳನ್ನು ಅದರ ಬೆನ್ನ ಮೇಲಿಟ್ಟೆ.