ಅಮೆ ಕಳೆದ ದಿನ

ಸಾನ್ವಿ, ಪ್ರಥಮ್,

ನಿನ್ನೆ ನಿಮ್ಮ ಪುಟ್ಟ ತಂಗಿಗೆಂದು ಬಜೆಯ ಬೇರು ತೇಯುತ್ತಿದ್ದೆ. ಆ ಘಾಟು ಮೂಗಿಗೆ ಬಡಿದು ಕೈ ನಿಂತಿತು. ನಿಮ್ಮ ಅಪ್ಪ ಹುಟ್ಟುವಾಗ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಕೈಗೆ ಯಾವಾಗಲೂ ಇದೇ ವಾಸನೆ...

ಕಾಪುವಿನ ನನ್ನ ತವರು ಗುತ್ತಿನ ಮನೆ, ಊರಿಗೇ ದೊಡ್ಡ ಮನೆ. ಜಾತಿಯ ಕಾರಣಕ್ಕೆ ಆ ಸೂಲಗಿತ್ತಿ ಅಲ್ಲಿ ಅಂಗಳ ದಾಟಿ ಒಳಗೆ ಬರುವಂತಿರಲಿಲ್ಲ. ಆದರೆ ಹೆರಿಗೆಯಾದರೆ ಮನೆಗೆಲ್ಲ ಅಮೆ, ಅಂದರೆ ಮೈಲಿಗೆ. ಮೈಲಿಗೆಯ ಮನೆಗೆ ಯಾರು ಬಂದರೇನು? ಹಾಗಾಗಿ ಅಷ್ಟು ದಿನ ಮಾತ್ರ ಒಳಕೋಣೆಯವರೆಗೂ ಬಂದರು. ನನ್ನ ಬೆನ್ನನ್ನು ತಮ್ಮ ಎದೆಗೆ ಒರಗಿಸಿಕೊಂಡು ಕೂತರು. ಮಗು ಕಾಲು ಮುಂದಾಗಿ ಬಂತು, ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿಗೆ ಬಾಯಿ ಇಟ್ಟು ಊದಿ ಅಳಿಸಿದರು.

ಅಮೆ ಕಳೆದ ದಿನ ನಮ್ಮವರು ಮನೆಗೆಲ್ಲ ಶುದ್ಧದ ನೀರು ಚಿಮುಕಿಸಿದರು. ತೊಟ್ಟಿಲಿಗೆ ಹಾಕುವ ಊಟವೂ ಅಂದೇ. ನನ್ನ ಅಮ್ಮ ಸೂಲಗಿತ್ತಿಯ ಎಲೆಯನ್ನು ದನದ ಹಟ್ಟಿಯ ಬದಿಗೆ ಹಾಕಿಸಿದರು.

"ಇಲ್ಲಿ ಒಳ್ಳೆ ಗಾಳಿ ಉಂಟು, ಕೂತು ಉಣ್ಣು. ನಾವು ಕುಲೀನರು, ಯಾರನ್ನೂ ಹಸಿದು ಕಳಿಸುವವರಲ್ಲ."

ಅವರು ಎಲೆಯನ್ನು ನೋಡಿದರು. "ಮಗುವಿನ ಒಳಗೆ ನನ್ನ ಉಸಿರು ಹೋಗಿ ಆಯಿತಲ್ಲ ಅಮ್ಮ, ಅದನ್ನು ಎಂತ ಮಾಡ್ತೀರಿ?"

ಉಣ್ಣದೆ ಹೊರಟರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ.

ಕುಲ ಎಂಬುದರಿಂದ ಕುಲೀನ ಬಂತು, ಒಳ್ಳೆಯ ಮನೆತನದಲ್ಲಿ ಹುಟ್ಟಿದವರು ಎಂದು ಅರ್ಥ, ಆಮೇಲೆ ಒಳ್ಳೆಯ ನಡತೆಯವರಿಗೂ ಅದೇ ಹೆಸರಾಯಿತು ಎಂದು ಶಾಲೆಯಲ್ಲಿ ಮಾಸ್ಟ್ರು ಹೇಳಿದ್ದರು. ಹುಟ್ಟಿಗೆ ಇಟ್ಟ ಹೆಸರನ್ನು ನಡತೆಗೂ ಇಟ್ಟವರು ಯಾರು? ಅಂಥ ಮನೆಗಳಲ್ಲಿ ಹುಟ್ಟಿದವರೇ ಇರಬೇಕು. ಹುಟ್ಟಿಸಿದ ಕೈಗೆ ಆ ಮಾತಿನಲ್ಲಿ ಜಾಗವೇ ಇಲ್ಲ.

ಕಳೆದ ತಿಂಗಳು ತವರಿನ ಮನೆತನದ ಪುಸ್ತಕ ಅಚ್ಚಾಗಿ ಬಂತು. ಹಿರಿಯರ ಫೋಟೊಗಳು, ಅವರ ಅನ್ನದಾನದ ಹೊಗಳಿಕೆ. ನಿಮ್ಮ ಅಪ್ಪ ದೈವದ ಕೃಪೆಯಿಂದ ಬದುಕಿದ ಕೂಸಂತೆ. ಊದಿದವರ ಬಗ್ಗೆ ಒಂದಕ್ಷರ ಇಲ್ಲ. ಮೈ ಉರಿದು, ಅದನ್ನು ಬರೆದ ನನ್ನ ತಂಗಿಯ ಮಗನಿಗೆ ಫೋನ್ ಮಾಡಿದೆ. "ಹಳೆಯದೆಲ್ಲ ಈಗ ಎಂತಕ್ಕೆ ದೊಡ್ಡಮ್ಮ?" ಎಂದು ನಕ್ಕ. ಅವನ ಮೇಲೂ ಸಿಟ್ಟುಂಟು. ಬಾಗಿಲ ಹಿಂದೆ ನಿಂತಿದ್ದವಳ ಮೇಲೆ ಅದಕ್ಕಿಂತ ಹೆಚ್ಚು.

ಆ ಸೂಲಗಿತ್ತಿ ತೀರಿಕೊಂಡದ್ದು ನನಗೆ ತಿಳಿದದ್ದೇ ವರ್ಷ ಕಳೆದ ಮೇಲೆ. ಒಂದು ಸಲವೂ ಹೋಗಿ ಕೈ ಮುಗಿಯಲಿಲ್ಲ...

ಮಕ್ಕಳೇ, ಈ ಹಾಳೆಗಳನ್ನು ಆ ಪುಸ್ತಕದಲ್ಲಿ, ನಿಮ್ಮ ಅಪ್ಪನ ಹೆಸರಿರುವ ಪುಟದ ಮೇಲೆಯೇ ಅಂಟಿಸಿ ಇಡಿ. ಯಾರು ಕೇಳಿದರೂ ಕಿತ್ತು ಕೊಡಬೇಡಿ.