ಭಾನುವಾರ ಸಂಜೆ ನಾವು ಯಾರೂ ಇಳಕಲ್ಲಿಗೆ ಬರುವುದಿಲ್ಲ, ಸರ್

ಇಲ್ಲ... ನಂಬುವುದಕ್ಕೇ ಆಗುತ್ತಿಲ್ಲ.

ನಿನ್ನೆ ಸಂಜೆ ಗ್ರೂಪಿನಲ್ಲಿ ಮೋಡದ ಮ್ಯಾಪ್ ಹಾಕಿ, ಕೆಳಗೆ "ಆಕಾಶ ಸ್ವಚ್ಛ ಐತಿ, ನಿಮ್ಮ ಲೆನ್ಸ್ ಸ್ವಚ್ಛ ಅದಾವೇನು?" ಎಂದು ಬರೆದವರು...
ಇವತ್ತು ಬೆಳಗಿನ ನಮಾಜು ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲವಂತೆ.

ನದಾಫ್ ಸರ್ ಇನ್ನಿಲ್ಲ.

ನಿನ್ನೆಯ ಆ ಮೋಡದ ಮೆಸೇಜಿಗೆ ನಾನು ಬರೀ ಒಂದು ಥಂಬ್ಸ್ ಅಪ್ ಹಾಕಿದ್ದೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸರ್ ಇಳಕಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ನನಗೂ ಅವರೇ ಕಲಿಸಿದ್ದು.
ಇಂಗ್ಲಿಷ್ ಮೀಡಿಯಂನಿಂದ ಬಂದ ನನ್ನ ಬಾಯಲ್ಲಿ 'ಗುರುತ್ವಾಕರ್ಷಣೆ' ಹೊರಳುತ್ತಲೇ ಇರಲಿಲ್ಲ. ಇಡೀ ಕ್ಲಾಸು ನಗುತ್ತಿತ್ತು. ಸರ್ ಮಾತ್ರ ನಗದೆ, "ಬೀಳೂ ಕಲ್ಲಿಗೂ ಆ ಹೆಸರ ಗೊತ್ತಿಲ್ಲವ್ವಾ, ಆದ್ರೂ ಬೀಳತೈತಿ" ಎಂದಿದ್ದರು.

ಅವರಿಗೆ ಇದ್ದದ್ದು ಒಂದೇ ಹಂಬಲ.
ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್... ನಾಲ್ಕೂ ಊರಿನವರು ಸೇರಿ ಖಗೋಳ ಸಂಶೋಧನೆ ಮಾಡಬೇಕು. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದಲ್ಲ... ನಿಜವಾದ ಡೇಟಾ.

ಸೂರ್ಯನ ಸುತ್ತ ತಿರುಗುವ ಒಂದು ಬಂಡೆ, ಅಂದರೆ ಕ್ಷುದ್ರಗ್ರಹ, ದೂರದ ನಕ್ಷತ್ರವೊಂದರ ಮುಂದೆ ಹಾದುಹೋಗುತ್ತದೆ. ಕೆಲವೇ ಸೆಕೆಂಡು ನಕ್ಷತ್ರ ಮಾಯ.
ಒಂದು ಊರಿನಿಂದ ಆ ಹೊತ್ತನ್ನು ಅಳೆದರೆ ಬಂಡೆಯ ಮೇಲೆ ಒಂದು ಗೆರೆ ಎಳೆದಂತೆ.
ದೂರದೂರದ ನಾಲ್ಕು ಊರುಗಳಿಂದ ಅಳೆದರೆ ನಾಲ್ಕು ಗೆರೆ... ಆಗ ಬಂಡೆಯ ಆಕಾರವೇ ಮೂಡುತ್ತದೆ.
ಅಂಥ ಒಂದು ಪೂರ್ತಿ ಆಕಾರ ತೋರಿಸಿ, ಆಮೇಲೆ ನಿಮ್ಮನ್ನು ನಮ್ಮ ಪ್ರಾಜೆಕ್ಟಿಗೆ ಸೇರಿಸಿಕೊಳ್ಳುವ ಮಾತು ಎಂದು ಹೊರಗಿನ ದೊಡ್ಡ ವಿಜ್ಞಾನಿಗಳು ಸರ್‌ಗೆ ಹೇಳಿದ್ದರು.

ಮೊದಲ ಸಲ ನಾವು ಏನು ಮಾಡಿದೆವು ಗೊತ್ತಾ...
ಬಾದಾಮಿಯಲ್ಲಿ ಆಗಿನ್ನೂ ಯಾರೂ ಸೇರಿರಲಿಲ್ಲ; ಅಲ್ಲಿಯ ಜವಾಬ್ದಾರಿಯನ್ನು ಸರ್ ತಾವೇ ವಹಿಸಿಕೊಂಡು ಮಹಾಕೂಟದ ಹತ್ತಿರ ಬಯಲಲ್ಲಿ ಟೆಲಿಸ್ಕೋಪ್ ಇಟ್ಟಿದ್ದರು. ಪಾಪ, ಸರ್ ಒಬ್ಬರೇ ಆಗುತ್ತಾರೆ ಎಂದು ಹುನಗುಂದದ ನಾವು ನಮ್ಮ ಟೆಲಿಸ್ಕೋಪ್ ಕಟ್ಟಿಕೊಂಡು ಹೊರಟೆವು. ಉಳಿದವರು ಅವರವರ ಊರಲ್ಲಿ ಇದ್ದೇ ಇರುತ್ತಾರಲ್ಲ, ನಾವೊಬ್ಬರು ಹೋದರೆ ಏನಾಗುತ್ತದೆ ಎಂದು.
ಹೋಗಿ ನೋಡಿದರೆ ಬಾಗಲಕೋಟೆಯವರು ಆಗಲೇ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ನಮ್ಮ ಹಿಂದೆಯೇ ಇಳಕಲ್ಲಿನವರ ಟಂಟಂ ಗಾಡಿ ಬಂದು ನಿಂತಿತು. ಎಲ್ಲರೂ ಅದೇ ಯೋಚನೆ ಮಾಡಿದ್ದರು.

ನಾಲ್ಕು ಟೆಲಿಸ್ಕೋಪ್... ಒಂದೇ ಬಯಲು... ಒಂದೇ ಗೆರೆ.

ಸರ್ ಬೈಯಲಿಲ್ಲ. ರೊಟ್ಟಿ ತಿಂದರು, ಶೇಂಗಾ ಚಟ್ನಿ ಎರಡನೇ ಸಲ ಹಾಕಿಸಿಕೊಂಡರು, ಕೈ ತೊಳೆದರು. ಆಮೇಲೆ ಹೇಳಿದರು.
"ಪ್ರೀತಿ ಭಾಳ ಆತು ನಿಮ್ಮದು. ಮುಂದಿನ ಸಲ ಒಂಚೂರು ಕಡಿಮಿ ಮಾಡ್ರಿ. ದೂರ ದೂರ ನಿಂದ್ರೂದ ನಮ್ಮ ಕೆಲಸ."

ಎರಡನೇ ಸಲ ಹೇಳಿದಂತೆ ಕೇಳಿದೆವು. ನಾಲ್ಕೂ ಊರಲ್ಲಿ ನಿಂತೆವು... ನಾಲ್ಕೂ ಊರಲ್ಲಿ ಮೋಡ.

ಮೂರನೆಯದು ಈ ಭಾನುವಾರ ಸಂಜೆ.

ಸರ್... ಇನ್ನೆರಡೇ ದಿನ ಇತ್ತಲ್ಲ ಸರ್.

ಮೊನ್ನೆ ಮೊನ್ನೆ ನನ್ನ ಮದುವೆಗೆ ಬಂದಿದ್ದಿರಿ. ಎಲ್ಲರೂ ನನ್ನ ಸೀರೆ ನೋಡುತ್ತಿದ್ದರೆ ನೀವು ನನ್ನ ಗಂಡನ (ಹೀಗೆ ಬರೆಯುವಾಗಲೆಲ್ಲ ನಗು ಬರುತ್ತದೆ, ಇವತ್ತೂ ಬಂತು... ಕ್ಷಮಿಸಿ ಸರ್) ಕೈ ಹಿಡಿದುಕೊಂಡು ಮೊದಲು ಕೇಳಿದ್ದು ಊರು.
ಪ್ರವೀಣ್, "ಶಿರೂರು" ಎಂದ.
"ಬಾಗಲಕೋಟಿಗೂ ಹುನಗುಂದಕ್ಕೂ ನಡುವ ನಮಗ ಯಾರೂ ಇರಲಿಲ್ಲರಿ. ಮನಿ ಮ್ಯಾಲ ಮಾಳಗಿ ಐತೇನ್ರಿ?"
ಮದುಮಗನನ್ನು ಅಲ್ಲಿಯವರೆಗೆ ಯಾರೂ ಹೀಗೆ ವಿಚಾರಿಸಿರಲಿಲ್ಲ. ಪ್ರವೀಣ್ ಕಕ್ಕಾಬಿಕ್ಕಿಯಾಗಿ ಐತ್ರಿ ಎಂದ. ನೀವು ಫೋಟೋಕ್ಕೆ ನಿಂತವರು ಫೋಟೋಗ್ರಾಫರನ್ನೂ ಬಿಡದೆ ಹೇಳಿದಿರಿ, "ನಮ್ಮ ಹುಡುಗಿ ಐದನೇ ಗೆರಿ ತಂದ್ಲು ನೋಡ್ರಿ."
ನನಗೆ ಬಂದ ಆಶೀರ್ವಾದಗಳಲ್ಲಿ ಅದೇ ಬೆಸ್ಟ್, ಸರ್.

ಆ ಐದನೇ ಗೆರೆಯನ್ನು ನೀವು ನೋಡಲೇ ಇಲ್ಲ...
ನಮ್ಮ ಮಾಳಿಗೆ ನೋಡಲು ನಾಳೆ ಬರುವವರಿದ್ದಿರಿ. ನಿಮಗೆಂದು ಅತ್ತೆ ತರಿಸಿಟ್ಟ ಕರದಂಟಿನ ಡಬ್ಬಿ ಇನ್ನೂ ಅಲ್ಲೇ ಇದೆ. ಯಾರೂ ಮುಟ್ಟಿಲ್ಲ.

ಮಧ್ಯಾಹ್ನ ಮಣ್ಣು ಆಯಿತು. ಭಾನುವಾರ ಮೂರನೇ ದಿನದ ಜಿಯಾರತ್ ಪ್ರಾರ್ಥನೆ.
ನಾಲ್ಕೂ ಊರಿನ ನಾವೆಲ್ಲ ಸರ್ ಮನೆಯ ಮುಂದೆ ನಿಂತು ಮಾತಾಡಿಕೊಂಡೆವು... ಅವತ್ತು ಸಂಜೆಯವರೆಗೂ ಎಲ್ಲರೂ ಇಲ್ಲೇ ಇರೋಣ, ಈ ಸಲ ನೋಡುವುದು ಬೇಡ, ಸರ್ ಇಲ್ಲದೆ ಯಾವ ನಕ್ಷತ್ರ, ಯಾವ ಬಂಡೆ...
ಸರ್ ಮಗಳು ರುಕ್ಸಾನಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅತ್ತು ಅತ್ತು ದನಿ ಒಡೆದಿತ್ತು. ನನ್ನನ್ನು ಹತ್ತಿರ ಕರೆದಳು.
"ಮುಂಜಾನೆ ಬಂದು ಊಟಾ ಮಾಡಿ ಹೋಗ್ರಿ ಅಕ್ಕಾ. ಸಂಜಿಗೆ ಮಾತ್ರ ಯಾರೂ ಇಲ್ಲಿ ಇರಬ್ಯಾಡ್ರಿ. ಇಳಕಲ್ಲಿಂದು ನಾ ನೋಡ್ತೇನಿ."

ನಾವು ಮತ್ತೆ ಮಹಾಕೂಟದ ತಪ್ಪನ್ನೇ ಮಾಡಲು ಹೊರಟಿದ್ದೆವು.

ಹಾಗಾಗಿ ಫ್ರೆಂಡ್ಸ್...
ಭಾನುವಾರ ಸಂಜೆ ಬಾಗಲಕೋಟೆಯವರು ಬಾಗಲಕೋಟೆಯಲ್ಲಿ. ಹುನಗುಂದದವರು ಹುನಗುಂದದಲ್ಲಿ. ಬಾದಾಮಿಯವರು ಸರ್ ನಿಂತಿದ್ದ ಅದೇ ಬಯಲಲ್ಲಿ.
ರುಕ್ಸಾನಾ ಅವಳ ಮನೆಯ ಮೇಲೆ.
ನಾನು ಮತ್ತು ಪ್ರವೀಣ್, ಶಿರೂರಿನ ಮಾಳಿಗೆಯ ಮೇಲೆ.
ಎಷ್ಟೇ ಅಳು ಬಂದರೂ ಯಾರೂ ಗಾಡಿ ಹತ್ತಬೇಡಿ. ಪ್ಲೀಸ್.

ಸರ್, ಅದೊಂದು ಸಂಜೆ ನಿಮ್ಮನ್ನು ಒಂಚೂರು ಕಡಿಮೆ ಪ್ರೀತಿಸುತ್ತೇವೆ...
ಅದೊಂದೇ ಸಂಜೆ.

ನೀವು ಹೋದ ಕಡೆ ಮೋಡ ಇಲ್ಲದಿರಲಿ. ಹುಟ್ಟಿಸಿದವನು ನಿಮ್ಮ ಜೀವವನ್ನು ತಂಪಾಗಿ ಇಟ್ಟುಕೊಳ್ಳಲಿ.
ಹೋಗಿ ಬನ್ನಿ ಸರ್...